ನುಂಗಿದ ಮೇಲೆ ಬರುವ ಹೂವು

ಸೆರೆ ಮುಟ್ಟದ ಮನೆತನದಲ್ಲಿ ಹುಟ್ಟಿ, ಅಂಥದೇ ಮನೆಗೆ ಸೊಸೆಯಾಗಿ ಬಂದ ನಾನು ನನ್ನದೇ ಅಡುಗೆಮನೆಯಲ್ಲಿ ನಿಂತು ಚಮಚದಿಂದ ಜಿನ್ ಕುಡಿದಿದ್ದೇನೆ. ಒಂದು ದಿನವಲ್ಲ, ಒಂದು ಬೇಸಿಗೆಯ ಎಷ್ಟೋ ಮಧ್ಯಾಹ್ನ. ಕೊರಳಲ್ಲಿ ಲಿಂಗ, ಕೈಯಲ್ಲಿ ಚಮಚ. ಕುಡಿಸಿದವನು ಒಡಹುಟ್ಟಿದ ಅಣ್ಣ. ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ನಂಬಿದರೆ ನಮ್ಮ ಮನೆಯ ನೀರು ಮುಟ್ಟುವುದಿಲ್ಲ.

ಅಣ್ಣ ಗೋವಾದ ಒಂದು ಹೋಟೆಲಿನ ಬಾರಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ತಿಕೋಟಾದಲ್ಲಿರುವ ಅವ್ವನಿಗೆ ಮಾತ್ರ, ಮಗ ಹೋಟೆಲಿನಲ್ಲಿ ಶರಬತ್ತು ಮಾಡುವ ಕಡೆ ಇದ್ದಾನೆ ಎಂದು ಹೇಳಿಟ್ಟಿದ್ದೆವು. ಅದು ಪೂರ್ತಿ ಸುಳ್ಳೂ ಅಲ್ಲ. ಲಿಂಬೆಹಣ್ಣು, ಸಕ್ಕರೆ ಪಾಕ, ಬರ್ಫ ಎಲ್ಲ ಇರುತ್ತಿದ್ದವು. ಮತ್ತೊಂದೂ ಇರುತ್ತಿತ್ತು, ಅದನ್ನು ಹೇಳಲಿಲ್ಲ ಅಷ್ಟೇ. ಅವ್ವ ಕೆದಕಿ ಕೇಳುವವಳಲ್ಲ. ಕೇಳಿದರೆ ಉತ್ತರ ಬಂದೀತು ಎಂಬ ಹೆದರಿಕೆ ಅವಳಿಗೂ ಇತ್ತೇನೋ.

ಅಣ್ಣನ ಮೂಗಿನ ಬಗ್ಗೆ ಮೊದಲು ಹೇಳಬೇಕು. ತವರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ಹಣ್ಣು ಒಣಗಿಸಿ ಮಣೂಕ ಮಾಡುವ ಶೆಡ್ಡಿನ ಬಾಗಿಲಲ್ಲಿ ನಿಂತೇ, ಒಳಗೆ ಯಾವ ಮೂಲೆಯ ಹಣ್ಣು ಹುಳಿ ಬಿಡುತ್ತಿದೆ ಎಂದು ಆತ ಹೇಳುತ್ತಿದ್ದ. ಹೋಗಿ ನೋಡಿದರೆ ಅದೇ ಮೂಲೆ. ನಾನು ಕದ್ದು ಬೆಲ್ಲ ತಿಂದರೆ ಹತ್ತಿರ ಬಂದು ಒಮ್ಮೆ ಉಸಿರೆಳೆದು, ಸೀದಾ ಅವ್ವನ ಬಳಿ ಹೋಗಿ ಚಾಡಿ ಹೇಳುತ್ತಿದ್ದ. ಆ ಮೂಗಿನ ಮೇಲೆ ನನಗೆ ಹಗೆತನವೇ ಇತ್ತು. ಅದೇ ಮೂಗು ಮುಂದೆ ಅವನಿಗೆ ಗೋವಾದಲ್ಲಿ ಅನ್ನ ಹಾಕಿತು.

ಆ ಬೇಸಿಗೆಯ ಹಿಂದಿನ ವರ್ಷ ಅವನಿಗೆ ಜ್ವರ ಬಂತು. ಜ್ವರ ಬಿಟ್ಟು ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಹುಳಿ, ಸಿಹಿ, ಕಹಿ ನಾಲಿಗೆಗೆ ತಿಳಿಯುತ್ತಿದ್ದವು. ಮಲ್ಲಿಗೆ, ಒಗ್ಗರಣೆ, ಸೀಮೆಎಣ್ಣೆ ಎಲ್ಲ ಒಂದೇ ಆಗಿದ್ದವು. ವಾಸನೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದು ಡಾಕ್ಟರರು ಹೇಳಿದರಂತೆ. ಇಷ್ಟು ಹೇಳಲಿಕ್ಕೆ ಡಾಕ್ಟರಕಿ ಯಾಕೆ ಕಲಿಯಬೇಕು, ನಮ್ಮ ಅತ್ತೆಯೂ ಹೇಳುತ್ತಿದ್ದರು. ಅಣ್ಣ ಕೆಲಸ ಬಿಟ್ಟು ಬಂದ. ಆಮೇಲೆ ಅವನ ಹಳೆಯ ಮ್ಯಾನೇಜರರು ಇನ್ನೊಂದು ಹೋಟೆಲಿಗೆ ಕರೆದರು. ಅಲ್ಲಿನ ಮಾಲೀಕರ ಮುಂದೆ ಒಂದೇ ಒಂದು ಕಾಕ್‌ಟೇಲ್ ಮಾಡಿ ತೋರಿಸಬೇಕು, ಅದೂ ಅಣ್ಣ ಹೆಸರು ಮಾಡಿದ್ದ ಆ ಕಾಕ್‌ಟೇಲನ್ನೇ. ಮೂಗಿನ ಸುದ್ದಿಯನ್ನು ಅಣ್ಣ ಅವರಿಗೆ ತಿಳಿಸಿರಲಿಲ್ಲ. ಇದೊಂದನ್ನು ಸರಿಯಾಗಿ ಮಾಡಿದರೆ ತನ್ನ ಕೆಲಸ ತನಗೆ ವಾಪಸ್, ಇಲ್ಲದಿದ್ದರೆ ಮುಗಿಯಿತು ಎಂದು ನನ್ನ ಮುಂದೆ ಕೂತು ಹೇಳಿದ.

ಅದಕ್ಕೆ ಏವಿಯೇಷನ್ ಎಂದು ಹೆಸರಂತೆ. ಗ್ಲಾಸಿಗೆ ಬಗ್ಗಿಸಿದಾಗ ನಸುಕಿನ ಆಕಾಶದ ಬಣ್ಣ ಬರುತ್ತದೆ, ಅದಕ್ಕೇ ವಿಮಾನದ ಹೆಸರು. ಜಿನ್, ಲಿಂಬೆ ರಸ, ಚೆರ್ರಿ ಹಣ್ಣಿನ ಒಂದು ಸಿಹಿ ಮದ್ಯ, ಕೊನೆಗೆ ವಯೊಲೆಟ್ ಎಂಬ ನೇರಳೆ ಹೂವಿನ ಲಿಕರ್, ಅದೂ ಸಿಹಿ ಸೆರೆಯೇ. ಈ ಹೂವಿನದೇ ಎಲ್ಲ ಆಟ. ಅಳತೆ ಇದೆಯಲ್ಲ, ಅಳೆದು ಹಾಕಿದರಾಯಿತು ಎಂದೆ. ಲಿಂಬೆ ದಿನಾ ಒಂದೇ ತೆರನಾಗಿ ಇರುವುದಿಲ್ಲ ಎಂದ. ನಮ್ಮ ಕಡೆಯ ಲಿಂಬೆಯಂತೂ ಬೇಸಿಗೆಯಲ್ಲಿ ರಸ ಕಡಿಮೆ, ಸಿಟ್ಟು ಜಾಸ್ತಿ. ಅದರ ಹುಳಿ ನೋಡಿಕೊಂಡು ಹೂವು ಹಾಕಬೇಕು. ಹುಳಿಯನ್ನು ತನ್ನ ನಾಲಿಗೆ ನೋಡುತ್ತದೆ, ಹೂವನ್ನು ನೀನು ನೋಡು ಎಂದ. ಹುಟ್ಟಿದಾರಭ್ಯ ಸೋಡಾ ಬಿಟ್ಟು ಏನೂ ಕುಡಿಯದವಳಿಗೆ ಹೀಗೆ ಹೇಳಿದರೆ ಏನು ಮಾಡಲಿ. ಬೈದೆ. ಮೊದಲೆಲ್ಲ ಬೈದರೆ ತಿರುಗಿ ಬೈಯುತ್ತಿದ್ದವನು ಸುಮ್ಮನೆ ಕೂತದ್ದು ನೋಡಿ ಒಪ್ಪಿಕೊಂಡೆ.

ತಿಕೋಟಾದಲ್ಲಿ ಅವ್ವನ ಕಣ್ಣೆದುರು ಆಗುವ ಕೆಲಸವಲ್ಲ ಇದು, ಹಾಗಾಗಿ ತೊರವಿ ಕಡೆಗಿರುವ ನಮ್ಮ ಮನೆಗೆ ಬಂದು ಉಳಿದ. ಜಿನ್ ತಂದುಕೊಟ್ಟವರು ನನ್ನ ಗಂಡ. ಸೊಲ್ಲಾಪುರ ರಸ್ತೆಯಲ್ಲಿ ಅವರದು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಒಂದು ಮಧ್ಯಾಹ್ನ ಪೇಪರಿನಲ್ಲಿ ಸುತ್ತಿದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ತಮಗೇನೂ ಗೊತ್ತಿಲ್ಲದವರ ಹಾಗೆ ಅಂಗಡಿಗೆ ವಾಪಸಾದರು. ಹೂವಿನ ಲಿಕರ್ ನಮ್ಮೂರಲ್ಲಿ ಸಿಗುವುದಿಲ್ಲ. ಅಣ್ಣ ಗೋವಾದಿಂದ ತಂದಿದ್ದ ಒಂದೇ ಬಾಟಲಿ, ಅದೂ ಬಸ್ಸಿನ ಕುಲುಕಾಟಕ್ಕೆ ಬಾಯಿ ಸೀಳಿತ್ತು. ಖಾಲಿಯಾದ ಪನ್ನೀರಿನ ಒಂದು ಗಾಜಿನ ಬಾಟಲಿ ಮನೆಯಲ್ಲಿತ್ತು, ಗಾಢ ನೀಲಿಯದು. ತೊಳೆದು ಅದರಲ್ಲಿ ಸುರಿದೆವು. ಒಂದು ರೀತಿಯಲ್ಲಿ ಚಲೋನೇ ಆಯಿತು ಎಂದುಕೊಂಡೆ. ನೀಲಿಯೊಳಗೆ ನೇರಳೆ ಬಣ್ಣ ಕಾಣುತ್ತಿರಲಿಲ್ಲ, ಅತ್ತೆಯ ಕಣ್ಣಿಗೆ ಬಿದ್ದರೂ ಅದು ಪನ್ನೀರೇ.

ಅತ್ತೆ ಮಧ್ಯಾಹ್ನ ಮಠದ ಪ್ರವಚನಕ್ಕೆ ಹೋದ ಮೇಲೆ ನಮ್ಮ ಕೆಲಸ ಶುರುವಾಗುತ್ತಿತ್ತು. ಅಣ್ಣ ಲಿಂಬೆ ಹಿಂಡಿ, ಎಲ್ಲವನ್ನೂ ಅಳೆದು ಸ್ಟೀಲಿನ ಶೇಕರಿಗೆ ಹಾಕಿ, ಫ್ರಿಜ್ಜಿನ ಬರ್ಫ ತುಂಬಿ, ಹೆಗಲ ಮೇಲೆ ಹಿಡಿದು ಕುಲುಕುತ್ತಿದ್ದ. ಪಕ್ಕದ ಮನೆಯಾಕೆ ಒಮ್ಮೆ ಗೋಡೆಯಾಚೆಯಿಂದ ಏನು ಸಪ್ಪಳ ಎಂದು ಕೇಳಿದಾಗ ಮಜ್ಜಿಗೆ ಕಡೆಯುತ್ತಿದ್ದೇವೆ ಎಂದೆ. ಸೋಸಿ ಬಗ್ಗಿಸಿದ್ದರಲ್ಲಿ ನನಗೆ ಒಂದು ಚಮಚ. ಉಳಿದದ್ದು ಬಚ್ಚಲಿಗೆ.

ಮೊದಲ ದಿನ ಗಂಟಲು ಸುಟ್ಟದ್ದು ಬಿಟ್ಟರೆ ಏನೂ ತಿಳಿಯಲಿಲ್ಲ. ಹೇಗಿದೆ ಎಂದು ಕೇಳಿದ. ಸ್ವಲ್ಪ ಉಪ್ಪು, ಜೀರಿಗೆ ಪುಡಿ ಹಾಕಿದರೆ ಸರಿಯಾದೀತು ಎಂದೆ. ನಗಲಿಲ್ಲ ಆತ. ಮುಂದೆ ಒಂದು ದಿನ, ಯಾಕೋ ಸೋಪಿನ ನೀರು ಬಾಯಿಗೆ ಹೋದ ಹಾಗಾಯಿತು ಎಂದಾಗ ಮಾತ್ರ ಅಣ್ಣನ ಮುಖ ಅರಳಿತು. ಹೂವು ಹೆಚ್ಚಾದರೆ ಹಾಗೇ ಆಗುತ್ತದಂತೆ. ಕಡಿಮೆ ಮಾಡಿದ. ಆಗ ಬರೀ ಲಿಂಬೆ ಶರಬತ್ತು. ಮತ್ತೆ ಹೆಚ್ಚಿಸಿದ, ಮತ್ತೆ ಸೋಪು. ಸರಿಯಾದಾಗ ಹೇಗಿರುತ್ತದೆ, ಅದನ್ನಾದರೂ ಹೇಳು ಎಂದೆ.

"ನುಂಗೂತನಕ ಹೂವು ಇರೂದs ಗೊತ್ತಾಗಬಾರದು," ಅಂದ. "ನುಂಗಿದ ಮ್ಯಾಲ ಬರತೈತಿ. ಬಂದ್ರ ನಿನಗs ಗೊತ್ತಾಗತೈತಿ."

ಅದು ಬರಲಿಲ್ಲ. ನಾನು ಕಣ್ಣು ಮುಚ್ಚಿ ನುಂಗುವುದು, ಆತ ನನ್ನ ಮುಖವನ್ನೇ ನೋಡುತ್ತ ನಿಲ್ಲುವುದು, ನಾನು ಇಲ್ಲ ಎನ್ನುವುದು. ಮೂಗಿಲ್ಲದವನಿಗೆ ನಾಲಿಗೆ ಇಲ್ಲದವಳು ಸಿಕ್ಕಿದ್ದಳು. ಎಷ್ಟೋ ಸಲ ಬಂತು ಎಂದು ಹೇಳಿ ಮುಗಿಸಿಬಿಡೋಣ ಅನಿಸುತ್ತಿತ್ತು. ಹೇಳಲಿಲ್ಲ. ಅಲ್ಲಿ ಹೋಗಿ ಮಾಲೀಕರ ಮುಂದೆ ಸೋಪಿನ ನೀರು ಮಾಡಿಟ್ಟರೆ ಅವನ ಗತಿ ಏನು. ನೀಲಿ ಬಾಟಲಿಯಲ್ಲಿ ಲಿಕರ್ ಇಳಿಯುತ್ತ ಬಂದು ಅರ್ಧವಾಗಿತ್ತು.

ಇದರ ನಡುವೆ ಬಬಲೇಶ್ವರದಲ್ಲಿ ನಾದಿನಿಯ ಮಗಳ ಕುಬಸ ಬಂತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊರಿಗೆಲ್ಲ ಹೋಳಿಗೆ ಊಟ ಹಾಕುವ ಕಾರ್ಯ. ಮೊಮ್ಮಗಳ ಕುಬಸವೆಂದು ಅತ್ತೆ ವಾರ ಮೊದಲೇ ಅಂಥದೇ ನೀಲಿ ಬಾಟಲಿಯ ಹೊಸ ಪನ್ನೀರು ತಂದು ಅಡುಗೆಮನೆಯ ಕಪಾಟಿನಲ್ಲಿ, ನಮ್ಮ ಬಾಟಲಿ ಇದ್ದಲ್ಲೇ ಇಟ್ಟಿದ್ದರು. ಆ ದಿನ ಮುಂಜಾನೆ ಅತ್ತೆ, ನನ್ನ ಗಂಡ, ನಾನು ಕಾರಿನಲ್ಲಿ ಮುಂದೆ ಹೋದೆವು. ಅಲ್ಲಿ ಇಳಿದ ಮೇಲೆ ಅತ್ತೆಗೆ ಪನ್ನೀರು ಮರೆತದ್ದು ನೆನಪಾಯಿತು. ಬೈಕಿನ ಮೇಲೆ ಹಿಂದೆ ಬರಬೇಕಿದ್ದ ಅಣ್ಣನಿಗೆ ಫೋನ್ ಹಚ್ಚಿ, ಕಪಾಟಿನಲ್ಲಿ ನೀಲಿ ಬಾಟಲಿ ಇದೆ, ತಗೊಂಡು ಬಾ ಎಂದರು. ನಾನು ಆಗ ಒಳಗೆ ಉಡಿ ತುಂಬುವ ಅಕ್ಕಿ ಹಸನು ಮಾಡುತ್ತಿದ್ದೆ. ಈ ಫೋನಿನ ವಿಷಯ ನನಗೆ ತಿಳಿಯಲೇ ಇಲ್ಲ.

ಅಣ್ಣ ಬಾಟಲಿ ತಂದುಕೊಟ್ಟ. ಅತ್ತೆ ಅದನ್ನು ಬೆಳ್ಳಿಯ ಪನ್ನೀರುದಾನಿಗೆ ಬಗ್ಗಿಸಿಕೊಂಡು ಬಂದವರ ಮೇಲೆಲ್ಲ ಚಿಮುಕಿಸುತ್ತ ಹೊರಟರು. ಮೊದಲು ನಡುವೆ ಕೂತಿದ್ದ ಮಠದ ಅಯ್ಯನವರ ಮೇಲೆ, ಆಮೇಲೆ ಗಂಡಸರ ಸಾಲು, ಆಮೇಲೆ ಹೆಂಗಸರು. ನನ್ನ ಕೈಮೇಲೆ ನಾಲ್ಕು ಹನಿ ಬಿದ್ದಾಗ ಮೂಸಿ ನೋಡಿದೆ. ದಿನಾ ಮಧ್ಯಾಹ್ನ ಮೂಗಿಗೆ ಹಿಡಿದು ಹಿಡಿದು ಗುರುತಾದ ವಾಸನೆ ಅದು. ಇಡೀ ಪಡಸಾಲೆಯಲ್ಲಿ ಹೂವಿನ ಸೆರೆ ಘಮಘಮಿಸುತ್ತಿತ್ತು. ಅಯ್ಯನವರ ಬಿಳಿ ಶಲ್ಯದ ಮೇಲೆ ತಿಳಿ ನೇರಳೆ ಚುಕ್ಕೆಗಳು ಎದ್ದಿದ್ದವು. ಹೆಂಗಸರು ಕೈ ಮೂಸಿಕೊಂಡು, ಇದ್ಯಾವುದೋ ಹೊಸ ನಮೂನೆ, ಸ್ವಲ್ಪ ಅಂಟಂಟು, ಆದರೆ ಏನು ಘಮ ಎಂದು ಹೊಗಳುತ್ತಿದ್ದರು. ಅತ್ತೆ ಹೆಮ್ಮೆಯಿಂದ ಇನ್ನೊಂದು ಸುತ್ತು ಹೊರಟರು. ನಿಲ್ಲಿಸ್ರಿ ಎನ್ನುವಂತಿಲ್ಲ, ಯಾಕೆ ಎಂದು ಕೇಳಿದರೆ ಹೇಳುವಂತಿಲ್ಲ. ಬಾಯಲ್ಲಿಟ್ಟ ಬಿಸಿ ತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಅಷ್ಟರಲ್ಲಿ ಅಣ್ಣ ಬಾಗಿಲ ಹತ್ತಿರ ಬಂದು ನನ್ನನ್ನು ಕರೆದ. ತಾನು ತಂದದ್ದನ್ನು ಜನ ಮೆಚ್ಚಿದ ಖುಷಿ ಮುಖದಲ್ಲಿತ್ತು.

"ಎಲ್ಲಾರೂ ಪನ್ನೀರು ಬಾಳ ಚಲೋ ಐತಿ ಅನ್ನಾಕತ್ತಾರ," ಅಂದ. "ಯಾವ ವಾಸನಿ ಬೇ?"

ಸುತ್ತಲೂ ಜನ.

"ಗುಲಾಬಿ," ಅಂದೆ. "ಗುಲಾಬಿ ಅಣ್ಣಾ, ಮತ್ತೇನ ಇರತೈತಿ."

ಆತ ತಲೆಯಾಡಿಸಿ ಊಟದ ಸಾಲಿಗೆ ಹೋಗಿ ಕೂತ. ಬಡಿಸುತ್ತ ನಾನು ಅವನನ್ನೇ ನೋಡುತ್ತಿದ್ದೆ. ಹೋಳಿಗೆಗೆ ಕೈ ಚಾಚಿದಾಗ ಬಿಳಿ ಅಂಗಿಯ ತೋಳಿನ ಮೇಲಿನ ಚುಕ್ಕೆಗಳು ಅವನ ಕಣ್ಣಿಗೆ ಬಿದ್ದವು. ಉಜ್ಜಿದ. ಬೆರಳಿಗೆ ಅಂಟಿತು. ಮೂಗಿಗೆ ಹಿಡಿದ, ಆಮೇಲೆ ನಾಲಿಗೆಗೆ ಹಚ್ಚಿದ. ಪನ್ನೀರು ಸಿಹಿ ಇರುವುದಿಲ್ಲ. ಸಾಲಿನ ಆ ತುದಿಯಿಂದ ತಲೆಯೆತ್ತಿ ನನ್ನತ್ತ ನೋಡಿದ. ನಾನು ಕೈಯಲ್ಲಿದ್ದ ತುಪ್ಪದ ಗಿಂಡಿ ಹಿಡಿದು ಬೇರೆ ಸಾಲಿಗೆ ತಿರುಗಿದೆ.

ವಾಪಸ್ ಬರುವಾಗ ನಾನೇ ಹಟ ಹಿಡಿದು ಅವನ ಬೈಕಿನ ಹಿಂದೆ ಕೂತೆ. ದಾರಿಯಲ್ಲಿ ಸಾರವಾಡ ಬಂತು. ಅಲ್ಲಿ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡ ತಿರುಗುತ್ತಿತ್ತು, ಬೈಕು ನಿಲ್ಲಿಸಿ ಇಳಿದ. ಲಿಕರ್ ಹೋದದ್ದಕ್ಕೆ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅದರ ಮಾತೇ ಆಡಲಿಲ್ಲ.

"ಕಪಾಟಿನ್ಯಾಗ ಮುಂದ ಇದ್ದ ಬಾಟಲಿ ತಗೊಂಡ್ನಿ," ಅಂದ. "ಮುಚ್ಚಳ ತಗದು ಮೂಗಿಗಿ ಹಿಡದ್ನಿ. ಕೈ ತಾನs ಹೋತು. ಏನೂ ಬರಲಿಲ್ಲ. ಪನ್ನೀರು ಹಗುರ ಇರತೈತಿ, ಅದಕ್ಕ ಬರವಲ್ದು ಅಂತ ತಿಳಕೊಂಡ್ನಿ. ನನ್ನ ಮೂಗು ಹೋಗೇತಿ ಅನ್ನೂದs ಮರತಿದ್ನಿ ಬೇ."

ಟ್ರ್ಯಾಕ್ಟರು ದಾಟಿ ಹೋಯಿತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿದ. ಅವನ ಬೆನ್ನ ಮೇಲೆ ಕೈ ಇಟ್ಟೆ. ಕೈಯಲ್ಲಿ ಹಿಡಿದ ಹೂವು ಯಾವುದೆಂದು ತಿಳಿಯದವನು ಮಾಲೀಕರ ಮುಂದೆ ಹೋಗಿ ಏನು ಮಾಡಿ ತೋರಿಸುತ್ತಾನೆ ಎಂದು ಅವನೂ ಯೋಚಿಸುತ್ತಿದ್ದ, ನಾನೂ ಯೋಚಿಸುತ್ತಿದ್ದೆ.

ಅತ್ತೆ ಬಾಟಲಿಯನ್ನು ಬಿಟ್ಟು ಬಂದಿರಲಿಲ್ಲ. ತಳದಲ್ಲಿ ಇಷ್ಟು ಉಳಿದಿದೆ, ಮುಂದಿನ ಕಾರ್ಯಕ್ಕೆ ಆಗುತ್ತದೆ ಎಂದು ನನ್ನ ಕೈಗೇ ಕೊಟ್ಟರು. ಮರುದಿನ ಅವರು ಪ್ರವಚನಕ್ಕೆ ಹೋದ ಮೇಲೆ ಅದನ್ನು ಅಣ್ಣನ ಮುಂದೆ ಇಟ್ಟು, ಇನ್ನೊಂದು ಸಲ ಮಾಡು ಎಂದೆ. ಬೇಡ ಎಂದ. ಬೈದೆ. ಈ ಸಲ ಬೈಗುಳಕ್ಕಾದರೂ ಎದ್ದ. ಲಿಂಬೆ ಹಿಂಡಿ, ನಾಲಿಗೆಗೆ ಹಚ್ಚಿ ನೋಡಿ, ಅಳತೆಯ ಬಟ್ಟಲನ್ನು ಮುಟ್ಟದೆ ಎಲ್ಲವನ್ನೂ ಹಾಗೇ ಬಗ್ಗಿಸಿದ. ನೀಲಿ ಬಾಟಲಿಯನ್ನು ಬೋರಲು ಹಾಕಿ ಕೊನೆಯ ಹನಿಯನ್ನೂ ಬಿಟ್ಟ. ಮನಸ್ಸಿಲ್ಲದೆ ಕುಲುಕಿ ಸೋಸಿ ನನ್ನ ಮುಂದೆ ಸರಿಸಿದ. ನನ್ನ ಮುಖವನ್ನೂ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ನಿಂತಿದ್ದ.

ಒಂದು ಚಮಚ ಬಾಯಿಗೆ ಹಾಕಿಕೊಂಡೆ. ತಣ್ಣಗಿತ್ತು, ಹುಳಿಯಿತ್ತು, ಹಿಂದೆಯೇ ಸ್ವಲ್ಪ ಖಾರ. ಸೋಪಿಲ್ಲ, ಶರಬತ್ತೂ ಅಲ್ಲ. ನುಂಗಿದೆ. ಇವತ್ತೂ ಇಲ್ಲ ಎಂದು ಚಮಚ ಕೆಳಗಿಡುವಷ್ಟರಲ್ಲಿ ಗಂಟಲಿನ ಹಿಂದಿನಿಂದ ಮೆಲ್ಲಗೆ ಏನೋ ಎದ್ದು ಬಂತು. ಮುಡಿದ ಹೂವನ್ನು ರಾತ್ರಿ ತೆಗೆದಿಟ್ಟ ಮೇಲೂ ಜಡೆಯಲ್ಲಿ ಉಳಿದಿರುತ್ತದಲ್ಲ, ಹಾಗೆ. ನನಗೆ ಗೊತ್ತಾಯಿತು. ಅವನು ಹೇಳಿದಂತೆ ನನಗೇ ಗೊತ್ತಾಯಿತು.

"ಬಂತು," ಅಂದೆ. "ಅಣ್ಣಾ, ಹೂವು ಬಂತು."

ಅಣ್ಣ ತಿರುಗಿ ನೋಡಿದ. ಒಂದು ಗಳಿಗೆ ಅವನ ಕಣ್ಣುಗಳು ಮೊದಲಿನಂತಾದವು. ಆಮೇಲೆ ಮೆಲ್ಲಗೆ ನಕ್ಕ.

"ನಿನ್ನೆ ಗುಲಾಬಿ ಅಂದಿದ್ದಿ," ಅಂದ.

ಆಣೆ ಮಾಡಿದೆ. ಲಿಂಗ ಮುಟ್ಟಿ ಹೇಳುತ್ತೇನೆ ಎಂದೆ. ಅಳುಬುರುಕಿಯ ಹಾಗೆ ಹಟ ಮಾಡಬೇಡ ಎಂದು ನನ್ನ ತಲೆ ಸವರಿ, ಗ್ಲಾಸಿನಲ್ಲಿ ಉಳಿದದ್ದನ್ನು ದಿನದಂತೆ ಬಚ್ಚಲಿಗೆ ಚೆಲ್ಲಿದ. ಶೇಕರ್ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟ. ಹೊರಗೆ ಹೋಗಿ ಗೋವಾಕ್ಕೆ ಫೋನ್ ಮಾಡಿ, ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ, ಬರುವುದಕ್ಕಾಗುವುದಿಲ್ಲ ಎಂದು ಹೇಳುತ್ತಿದ್ದದ್ದು ಒಳಗಿದ್ದ ನನಗೆ ಕೇಳಿಸಿತು.

ಅತ್ತೆ ಬರುವ ಹೊತ್ತಾಗಿತ್ತು. ದಿನಾ ಈ ಹೊತ್ತಿಗೆ ಬಾಯಿ ಮುಕ್ಕಳಿಸಿ ಏಲಕ್ಕಿ ಅಗಿಯುತ್ತಿದ್ದೆ. ಆ ದಿನ ಬಾಯಿ ಮುಚ್ಚಿಕೊಂಡು ಕಟ್ಟೆಗೆ ಒರಗಿ ನಿಂತೇ ಇದ್ದೆ. ಹೂವು ಇನ್ನೂ ಇತ್ತು.