ಟವೆಲ್ ಕೆಳಗೆ ಹೇಳಿದ ಕಾಯಿಲೆ

ನನಗೆ ವ್ಯಾಪಾರ ಕಲಿಸಿದವನು ನರಸೀಪುರದ ಕಡೆಯ ಒಬ್ಬ ದನದ ದಲ್ಲಾಳಿ. ಕೈಮೇಲೆ ಟವೆಲ್ ಹಾಸಿ, ಅದರ ಕೆಳಗೆ ಗಿರಾಕಿಯ ಬೆರಳು ಹಿಡಿದೇ ರೇಟು ಹೇಳುತ್ತಿದ್ದ. ಯಾವ ಹೋರಿ ತೋರಿಸಿದರೂ ಮೀಸೆ ತಿರುವಿ, "ಮಾಲು ಗ್ಯಾರಂಟಿ ಕಣ್ಲಾ" ಅನ್ನುತ್ತಿದ್ದ.

ಒಂದು ವರ್ಷದಿಂದ ಅವನು ಜಗಲಿಯ ಮೇಲೇ ಮಲಗುತ್ತಿದ್ದ. ಬೇರೆ ಹೆಂಗಸಿನ ಸಹವಾಸವಿರಬೇಕೆಂದು ಸಂಶಯಪಟ್ಟು ಹೆಂಡತಿ ಕವಲಂದೆಯ ತವರಿಗೆ ಹೋದಳು. ಇವನು ಇಲ್ಲ ಅನ್ನಲಿಲ್ಲ. ನಿಜ ಹೇಳುವುದಕ್ಕಿಂತ ಆ ಅಪವಾದವೇ ಅವನಿಗೆ ಮರ್ಯಾದೆ. ಗುಟ್ಟಾಗಿ ಮಾತ್ರ ರಸ್ತೆಬದಿ ಟೆಂಟಿನವನು ಕೊಟ್ಟ ಗಂಡಸ್ತನದ ಲೇಹ್ಯ ನೆಕ್ಕುತ್ತಿದ್ದ. ಗೊತ್ತಾದ ಕೂಡಲೇ ನಂಜನಗೂಡಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಅಲ್ಲಿ ಬಾಯೇ ಬಿಡಲಿಲ್ಲ. ಕೊನೆಗೆ ಟವೆಲ್ ಹಾಸಿ, ಡಾಕ್ಟರ ಕೈ ಹಿಡಿದು, ಅವರ ಒಂದು ಬೆರಳನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದ.

ಡಾಕ್ಟರು ನಗಲಿಲ್ಲ. "ಶುಗರು, ಬಿಪಿಯಿಂದಲೂ ಹೀಗಾಗುತ್ತೆ. ಬೀಡಿ ಬಿಡಿ. ರಕ್ತ, ಹೃದಯ ಎಲ್ಲ ನೋಡಿ ಮಾತ್ರೆ ಕೊಡ್ತೀನಿ."

"ಗ್ಯಾರಂಟಿನಾ ಸಾ?"

"ಗ್ಯಾರಂಟಿ ಕೊಡೋರು ರಸ್ತೆಬದಿ ಟೆಂಟಲ್ಲಿರ್ತಾರೆ."

ನೀವೂ ಅಷ್ಟೇ, ಗ್ಯಾರಂಟಿ ಕೇಳಬೇಡಿ, ಪರೀಕ್ಷೆ ಮಾಡಿಸಿ.

ಅಲ್ಲಿಂದ ಸೀದಾ ಕವಲಂದೆಗೆ ಹೋದೆವು. ಹೆಂಡತಿಯ ಮುಂದೆಯೂ ಟವೆಲ್ ಹಾಸಲು ಹೋದ. ಅವಳು ಕಿತ್ತುಕೊಂಡು, "ಬಾಯಿ ಬುಟ್ಟು ಮಾತಾಡಯ್ಯ" ಎಂದಳು.

ಮಾತಾಡಿದ.

ಅವಳು ಸೀರೆಗಳನ್ನು ಚೀಲಕ್ಕೆ ತುಂಬುತ್ತಾ, "ಇಷ್ಟಕ್ಕಾ ಒಂದ್ ವರ್ಸ ಜಗಲಿ ಕಾದೆ?" ಎಂದಳು.