ಏನೂ ಹಚ್ಚದ ಇಲಿಯ ಬೆನ್ನಿನ ಗಂಟು

ರಾಯಚೂರಿನ ಬೇಸಿಗೆಯಲ್ಲಿ ನಮ್ಮ ಫಾರ್ಮಸಿ ಕಾಲೇಜಿನೊಳಗೆ ತಣ್ಣಗಿದ್ದದ್ದು ಒಂದೇ ಕೋಣೆ, ಇಲಿಗಳದ್ದು. ಪ್ರಯೋಗದ ಬಿಳಿ ಇಲಿಗಳಿಗೆ ಸೆಕೆಯಾಗಬಾರದೆಂದು ಅಲ್ಲಿ ಎ.ಸಿ. ಹಾಕಿಸಿದ್ದರು. ಅವುಗಳ ಪುಣ್ಯದಿಂದ ನಾವೂ ತಂಪಾಗಿದ್ದೆವು. ನಾನು ದೇವದುರ್ಗದವಳು, ಗೆಳತಿ ಮಾನ್ವಿಯವಳು. ಇಬ್ಬರದೂ ಒಂದೇ ಪ್ರಯೋಗ: ಒಂದು ಸೊಪ್ಪಿನ ಮುಲಾಮನ್ನು ಬಹಳ ಕಾಲ ಹಚ್ಚಿದರೆ ಚರ್ಮಕ್ಕೆ ಕೇಡಾಗುತ್ತದೆಯೋ ಇಲ್ಲವೋ ನೋಡುವುದು. ಕೆಲವು ಇಲಿಗಳಿಗೆ ಮುಲಾಮು. ಹೋಲಿಸಿ ನೋಡಲು ಇಟ್ಟುಕೊಂಡ ಉಳಿದವಕ್ಕೆ ಏನೂ ಇಲ್ಲ. ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟನ್ನು ಪಂಜರಗಳಲ್ಲಿ ಹಾಸುವಾಗ ಏಳುತ್ತಿದ್ದ ವಾಸನೆ ಈಗಲೂ ಎಲ್ಲಾದರೂ ಬಂದರೆ ನನಗೆ ಅವಳ ನಗು ನೆನಪಾಗುತ್ತದೆ.

ಮಾತುಮಾತಿಗೂ ನಗುವವಳು. ಒಂದು ಬೆಳಿಗ್ಗೆ ಮಾತ್ರ ನಗಲಿಲ್ಲ.

"ಬಾ ಬೇ ಇಲ್ಲಿ, ಇದರ ಬೆನ್ನು ಮುಟ್ಟಿ ನೋಡು."

ಭುಜದ ಹತ್ತಿರ, ಚರ್ಮದಲ್ಲಿ, ಕಡಲೆಕಾಳಿನಷ್ಟು ಗಂಟು. ಅದು ಏನೂ ಹಚ್ಚದ ಗುಂಪಿನ ಮುದಿ ಇಲಿ.

"ಎತ್ತುವಾಗ ನಾನೇ ಗಟ್ಟಿ ಹಿಡಿದಿದ್ನೇನೋ," ಎಂದಳು.

ನಮ್ಮ ಮೇಡಂ ಬಂದು ನೋಡಿದರು. "ನೀ ಹಿಡಿದಿದ್ದಕ್ಕ ಅಲ್ಲವ್ವಾ. ವಯಸ್ಸಾದ ಇಲಿಗಳಿಗೆ ಹಿಂಗ ತಾನಾಗೇ ಗಂಟು ಬರ್ತಾವ. ಅದಕ್ಕ ಏನೂ ಹಚ್ಚದ ಇಲಿಗಳನ್ನೂ ಇಟ್ಕೊಳ್ಳೋದು. ಇಲ್ಲಾಂದ್ರ ಬಂದ ಗಂಟೆಲ್ಲಾ ಮುಲಾಮಿನ ತಲಿಗೇ ಕಟ್ತಿದ್ವಿ."

"ಯಾರೂ ಏನೂ ಮಾಡದಿದ್ರೂ ಬರ್ತದೇನ್ರೀ ಮೇಡಂ?"

"ಬರ್ತದ."

ಗಂಟು ಬೆಳೆಯಿತು. ಹುಣ್ಣಾಗಿ ನರಳುವ ಮೊದಲೇ ಮೇಡಂ ಅರಿವಳಿಕೆ ಕೊಟ್ಟು ಇಲಿಯ ಜೀವ ತೆಗೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಚರ್ಮದ ಗಡ್ಡೆಯೇ ಎಂದು ಖಾತ್ರಿಯಾಯಿತು.

ಆ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿನ್ನುತ್ತಾ ಅವಳು ತನ್ನ ತಾಯಿಯ ಸುದ್ದಿ ತೆಗೆದಳು. ಅಲ್ಲಿಯವರೆಗೆ ಎಂದೂ ತೆಗೆದಿರಲಿಲ್ಲ. ಚಿಕ್ಕವಳಿದ್ದಾಗ ತಾನು ಸಿಟ್ಟಿನಿಂದ ಎಸೆದ ಲಟ್ಟಣಿಗೆ ತಾಯಿಯ ಹೆಗಲಿಗೆ ಬಡಿದಿತ್ತಂತೆ. ಮುಂದೆ ಅದೇ ಹೆಗಲಲ್ಲಿ ಗಡ್ಡೆ ಎದ್ದು ತಾಯಿ ತೀರಿಕೊಂಡರು. "ಆ ಪೆಟ್ಟಿಗೇ ಎದ್ದದ್ದು," ಎಂದು ಅಜ್ಜಿ, ಅವಳು ದಾದಿ ಎಂದು ಕರೆಯುವ ತಂದೆಯ ತಾಯಿ, ಸಂಕಟದಲ್ಲಿ ಒಮ್ಮೆ ಅಂದುಬಿಟ್ಟಿದ್ದರು.

"ಅಮ್ಮಿಗೂ ಹಂಗೇ ಬಂದಿತ್ತೇನು ಬೇ? ತಾನಾಗೇ?"

"ಹೌದು. ಪೆಟ್ಟು ಬಿದ್ದದ್ದಕ್ಕ ಅಂಥಾ ಗಡ್ಡಿ ಏಳಂಗಿಲ್ಲ. ನೀ ಏನೂ ಮಾಡಿಲ್ಲ," ಎಂದೆ.

ಮಾನ್ವಿಯ ಬಸ್ಸು ಬಂದು ಹೋಯಿತು. ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಮುಂದಿನ ಬಸ್ಸಿಗೆ ಹತ್ತಿಸಿ ಕಳಿಸಿದೆ.

ಊರಿಂದ ಮರಳಿದವಳು ಹೇಳಿದಳು: "ದಾದಿಗೆ ಎಲ್ಲಾ ಹೇಳ್ದೆ. ಮುಂದ ಕೂಡಿಸ್ಕೊಂಡು ತಲಿಗೆ ಎಣ್ಣಿ ಹಚ್ಚಿದ್ಳು."

ಈಗ ಅವಳು ಮಾನ್ವಿಯಲ್ಲಿ ಔಷಧದ ಅಂಗಡಿ ನಡೆಸುತ್ತಾಳೆ. ರಂಜಾನ್ ಹಬ್ಬಕ್ಕೆ ಹೋದರೆ ಅಜ್ಜಿ ಸುರ್ಕುಂಬಾ ಪಾಯಸದ ಬಟ್ಟಲು ಕೈಗಿಟ್ಟು, ತಮ್ಮ ಸೊಸೆ ಅದಕ್ಕೆ ಖರ್ಜೂರವನ್ನು ಎಷ್ಟು ಸಣ್ಣಗೆ ಹೆಚ್ಚುತ್ತಿದ್ದಳು ಎಂದು ಹೇಳತೊಡಗುತ್ತಾರೆ. ಮೊಮ್ಮಗಳು ಪಕ್ಕದಲ್ಲೇ ಕೂತು, "ಇನ್ನೂ ಹೇಳು ದಾದಿ," ಎನ್ನುತ್ತಾಳೆ.