ವೇದವಲ್ಲಿ ಕಂಡ ವಾರೆ

ವೇದವಲ್ಲಿಯ ಕಣ್ಣು ಸರಿಯಾಗಿಯೇ ಇತ್ತು. ಅವಳು ಕಂಡದ್ದು ನಿಜ. ಸರಿಯಿಲ್ಲ ಎಂದವಳು ನಾನು — ನನ್ನ ತಪ್ಪು ಹೊರಗೆ ಬರಬಾರದೆಂದು ಹಾಗೆ ಹೇಳಿದೆನೋ, ಆ ಕ್ಷಣ ನಾನೂ ಹಾಗೆಯೇ ನಂಬಿದೆನೋ, ಇಷ್ಟು ವರ್ಷವಾದರೂ ನನಗೇ ತಿಳಿದಿಲ್ಲ. ಆದರೆ ಹೇಳಿದ್ದಂತೂ ಹೌದು.

ನಾನು ಸುಮಿತ್ರಾ, ಕ್ಯಾತನಹಳ್ಳಿಯವಳು. ಡಿಪ್ಲೊಮಾ ಮುಗಿಸಿ ಶ್ರೀರಂಗಪಟ್ಟಣದ ಹತ್ತಿರದ ಒಂದು ಕಾರ್ಖಾನೆಗೆ ಸೇರಿದೆ; ಈಗಲೂ ಅಲ್ಲೇ ಇದ್ದೇನೆ. ಪಂಪ್‌ಸೆಟ್ಟಿನ ಸ್ಟಾರ್ಟರುಗಳ ಒಳಗೆ ಕೂರುವ ಹಸಿರು ಬೋರ್ಡುಗಳನ್ನು ನಾವು ಮಾಡುತ್ತೇವೆ. ಬೋರ್ಡಿನ ಮೇಲೆ ಸಾಸಿವೆಗಿಂತ ಚಿಕ್ಕ ಭಾಗಗಳನ್ನು ಇಡುವುದು ಒಂದು ಯಂತ್ರ. ಅದರ ಹೆಡ್ಡಿನಲ್ಲಿ ಸಾಲಾಗಿ ಟೊಳ್ಳು ಮೂತಿಗಳಿವೆ, ನಾಜಲ್ ಎನ್ನುತ್ತೇವೆ. ಕೋಳಿ ಕಾಳು ಹೆಕ್ಕಿದ ಹಾಗೆ ಅವು ಗಾಳಿ ಹೀರಿ ಒಂದೊಂದು ಭಾಗವನ್ನು ಎತ್ತುತ್ತವೆ, ಬೋರ್ಡಿನ ಮೇಲೆ ತಂದು ಇಡುತ್ತವೆ. ಮೂತಿಯೊಳಗೆ ಬೆಸುಗೆಯ ಪೇಸ್ಟು ಸೇರಿಕೊಂಡರೆ ಹಿಡಿತ ತಪ್ಪುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ ಬಿಚ್ಚಿ ತೊಳೆದು, ಗಾಳಿ ಊದಿ, ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸ್ಪ್ರಿಂಗು ಸಲೀಸಾಗಿ ಆಡುತ್ತದೆಯೇ ಎಂದು ಒತ್ತಿ ನೋಡಿ ಮತ್ತೆ ಜೋಡಿಸಬೇಕು. ಅದು ನನ್ನ ಕೆಲಸ.

ವೇದಾ ಯಂತ್ರದ ಆಚೆ ಕೊನೆಯಲ್ಲಿ ಕೂರುತ್ತಿದ್ದಳು. ಹೊರಬಂದ ಬೋರ್ಡುಗಳನ್ನು ದೊಡ್ಡ ಮಸೂರದ ಕೆಳಗೆ ಹಿಡಿದು, ಎಲ್ಲ ಭಾಗವೂ ನೆಟ್ಟಗೆ ಕೂತಿದೆಯೇ ಎಂದು ನೋಡುವುದು ಅವಳ ಕೆಲಸ. ಮೇಲುಕೋಟೆಯವಳು, ತಂದೆ ದೇವಸ್ಥಾನದ ಕೈಂಕರ್ಯದಲ್ಲಿದ್ದರು. ದೇವರ ವಸ್ತ್ರಗಳಿಗೆ ಜರಿಯಂಚು ಹೊಲಿಯುವುದು ಅವರ ಮನೆಯ ಹೆಂಗಸರ ಪಾಲಿನ ಸೇವೆ. ಒಮ್ಮೆ ನನಗೆ ಅಂಥದ್ದೊಂದು ಅಂಚನ್ನು ತೋರಿಸಿದ್ದಳು — ಹೊಲಿಗೆ ಎಲ್ಲಿದೆ ಎಂದು ನಾನು ಹುಡುಕಬೇಕಾಯಿತು. ನಮ್ಮವ್ವನ ಹುಚ್ಚೆಳ್ಳು ಚಟ್ನಿ ಎಂದರೆ ಅವಳಿಗೆ ಪ್ರಾಣ. “ನಮ್ಮನೇಲಿ ಹೇಳಬೇಡ ಮತ್ತೆ” ಎಂದು ಬೆರಳು ನೆಕ್ಕುತ್ತಿದ್ದಳು. ಅವಳಂಥ ಗೆಳತಿ ನನಗೆ ಆಮೇಲೆ ಸಿಗಲಿಲ್ಲ. ಸಿಗಬಾರದಿತ್ತು ಕೂಡ.

ಅದೊಂದು ಶನಿವಾರ. ಮಾರನೆಯ ದಿನ ತಂಗಿಯ ನಿಶ್ಚಿತಾರ್ಥ. ಬೇಗ ಮನೆ ಸೇರಬೇಕಿತ್ತು. ಒಂದು ನಾಜಲ್ಲಿನೊಳಗೆ ಕಟ್ಟಿದ್ದ ಪೇಸ್ಟು ಎಷ್ಟು ತೊಳೆದರೂ ಬಿಡಲಿಲ್ಲ. ಇನ್ನೊಮ್ಮೆ ನೆನೆಹಾಕಬೇಕಿತ್ತು. ಗಟ್ಟಿಯಾದ ಯಾವುದನ್ನೂ ಅದರೊಳಗೆ ತೂರಿಸಬಾರದು ಎಂಬುದು ನಾವು ಕಲಿಯುವ ಮೊದಲ ಪಾಠ. ನಾನು ದುಪಟ್ಟಾದ ಪಿನ್ನು ತೆಗೆದು ಚುಚ್ಚಿದೆ. ಕಸ ಬಂತು. ಅದರ ಜೊತೆ, ಪಿಂಗಾಣಿಯಂಥ ಆ ತುದಿಯ ಒಂದು ಚೂರೂ ಎದ್ದಿತು — ಭೂತಗನ್ನಡಿಯಲ್ಲಿ ಮಾತ್ರ ಕಾಣುವಷ್ಟು.

ಹೊಸದು ಬೀರುವಿನಲ್ಲಿತ್ತು. ಬೀಗದ ಕೈ ಸೂಪರ್‌ವೈಸರ್ ಶಿವಣ್ಣನವರ ಹತ್ತಿರ. ಸ್ವಲ್ಪ ದಿನದ ಹಿಂದೆಯಷ್ಟೇ ಇನ್ನೊಂದು ನಾಜಲ್ ಬೀಳಿಸಿ ಎಲ್ಲರ ಮುಂದೆ ಬೈಸಿಕೊಂಡಿದ್ದೆ. ಮತ್ತೆ ಹೋಗಿ ಹೇಳುವುದೇ? — ಇಷ್ಟು ಸಣ್ಣ ಚೂರಿಗೆ ಏನಾದೀತು, ಸೋಮವಾರ ನೋಡಿದರಾಯಿತು ಎಂದುಕೊಂಡೆ. ಅದನ್ನೇ ಜೋಡಿಸಿ, ವ್ಯಾನು ಹತ್ತಿದೆ.

ಸೋಮವಾರ ನಾನು ಒಳಗೆ ಹೋಗುವಷ್ಟರಲ್ಲಿ ಯಂತ್ರ ಓಡುತ್ತಿತ್ತು. ನಿಲ್ಲಿಸಿ ಎನ್ನಲು ಬಾಯಿ ಬರಲಿಲ್ಲ. ಭಾಗವನ್ನು ಎತ್ತಿದಾಗ ಯಂತ್ರದ ಕ್ಯಾಮೆರಾ ನೋಡುತ್ತದೆ. ಇಡುವ ಗಳಿಗೆಯಲ್ಲಿ ಅದು ಜಾರಿದರೆ ಕ್ಯಾಮೆರಾಕ್ಕೆ ಗೊತ್ತಾಗದು. ಗೊತ್ತಾಗಬೇಕಾದದ್ದು ಆಚೆ ಕೂತ ವೇದಾಳಿಗೆ.

ಗೊತ್ತಾಯಿತು. ಕೈಬೀಸಿ ಕರೆದಳು.

“ಸುಮಿತ್ರಾ, ಇಲ್ಲಿ ನೋಡೇ. ಈ ಚಿಕ್ಕದು ವಾರೆಯಾಗಿ ಕೂತಿರೋ ಹಾಗೆ ಕಾಣಿಸ್ತಿದೆ. ಆಗಲೇ ಒಂದು ಹೀಗೇ ಇತ್ತು.”

ಬಗ್ಗಿ ನೋಡಿದೆ. ಏನು ಕಂಡೆ? — ಎಷ್ಟು ಸಲ ಕೇಳಿಕೊಂಡಿದ್ದೇನೋ. ಒಮ್ಮೊಮ್ಮೆ ಆ ವಾರೆ ಕಣ್ಣಿಗೆ ಕಟ್ಟಿದಂತಿರುತ್ತದೆ. ಒಮ್ಮೊಮ್ಮೆ ಎಲ್ಲವೂ ನೆಟ್ಟಗಿತ್ತು ಎಂದೇ ಆಣೆ ಮಾಡಬಲ್ಲೆ. ಆಮೇಲೆ ತಿಳಿದದ್ದನ್ನು ಆಗಲೇ ಕಂಡಂತೆ ಅಂದುಕೊಳ್ಳುತ್ತಿದ್ದೇನೋ, ಆಗ ಕಂಡದ್ದನ್ನು ಕಾಣಲೇ ಇಲ್ಲವೆಂದು ಒರೆಸಿಹಾಕುತ್ತಿದ್ದೇನೋ...

ಬಾಯಿ ಮಾತ್ರ ತಡಮಾಡಲಿಲ್ಲ. “ಸರಿಯಾಗೇ ಅದೆ ಕಣೇ. ಬೆಳಗಿಂದ ನೋಡಿ ನೋಡಿ ನಿನ್ ಕಣ್ಣು ದಣಿದವೆ, ಅಷ್ಟೇಯ.”

ಅವಳು ಕಣ್ಣುಜ್ಜಿಕೊಂಡಳು. ಮತ್ತೆ ನೋಡಿದಳು. “ಹೌದೇನೋ” ಎಂದು ಬೋರ್ಡನ್ನು ಮುಂದಕ್ಕೆ ಬಿಟ್ಟಳು. ನನ್ನ ಮಾತನ್ನು ತನ್ನ ಕಣ್ಣಿಗಿಂತ ಹೆಚ್ಚಾಗಿ ನಂಬಿದಳು.

ಊಟದ ಹೊತ್ತಿಗೆ, ಸವೆದಿದೆ ಎಂದು ಹೇಳಿ ಶಿವಣ್ಣನವರಿಂದ ಹೊಸ ನಾಜಲ್ ಪಡೆದು ಹಾಕಿಬಿಟ್ಟೆ. ಹಳೆಯದು ಕಸಕ್ಕೆ ಹೋಯಿತು. ಆಮೇಲಿನ ಬೋರ್ಡುಗಳೆಲ್ಲ ನೆಟ್ಟಗಿದ್ದವು. ಅದರಿಂದಲೇ ವೇದಾಳಿಗೆ ಬೆಳಿಗ್ಗೆ ತನ್ನ ಕಣ್ಣೇ ಮೋಸ ಮಾಡಿದ್ದೆಂದು ಖಾತ್ರಿಯಾಯಿತು.

ಕೆಲವು ತಿಂಗಳ ಮೇಲೆ ಸ್ಟಾರ್ಟರುಗಳು ವಾಪಸ್ಸು ಬಂದವು. ಬಿಚ್ಚಿ ನಂಬರು ನೋಡಿದರೆ, ಆ ಬೆಳಗಿನ ಬೋರ್ಡುಗಳು. ವಾರೆ ಕೂತ ಭಾಗಗಳ ಬೆಸುಗೆ ಬಿಟ್ಟಿತ್ತು. ಶಿವಣ್ಣನವರು ನಮ್ಮಿಬ್ಬರನ್ನೂ ಕರೆಸಿದರು.

“ಆ ವಾರ ನಾಜಲ್ ಎಲ್ಲಾ ನೋಡಿದ್ಯೇನವ್ವಾ?”

“ಎಲ್ಲಾ ಸರಿಯಾಗಿತ್ತು ಸಾರ್.” ಅಂದು ಹೊಸದು ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ.

ವೇದಾಳ ಕಡೆ ತಿರುಗಿದರು. ಅವಳ ದನಿ ತೀರ ಇಳಿದಿತ್ತು. “ನನಗೆ ವಾರೆ ಕಾಣಿಸಿತ್ತು ಸಾರ್. ಆಮೇಲೆ ನೆಟ್ಟಗಿರೋ ಹಾಗೇ ಕಾಣಿಸ್ತು. ನನ್ನ ಕಣ್ಣೇ...”

“ಕಣ್ಣು ಸರಿಯಾಗಿ ಕಾಣ್ದಿದ್ ಮ್ಯಾಕೆ ಈ ಜಾಗದಲ್ಲಿ ಯಾಕವ್ವಾ ಕೂತ್ಕಂಡಿದ್ದೀಯ?” ಎಂದರು ಅವರು. ಅದರಲ್ಲಿ ಕೋಪವಿರಲಿಲ್ಲ, ಕನಿಕರವೇ ಇತ್ತು. ಅದೇ ಹೆಚ್ಚು ಚುಚ್ಚಿರಬೇಕು.

“ಸುಮಿತ್ರಾಳಿಗೂ ತೋರಿಸಿದೆ, ಅವಳೇ ಸರಿಯಿದೆ ಎಂದಳು” — ಈ ಮಾತು ವೇದಾಳ ಬಾಯಿಂದ ಬರುತ್ತದೆಂದು ಕಾದೆ. ಬರಲಿಲ್ಲ. ನನ್ನನ್ನು ಕಾಪಾಡಿದಳೋ, ಮರೆತಿದ್ದಳೋ, ತನ್ನ ತಪ್ಪಿಗೆ ಇನ್ನೊಬ್ಬರ ಹೆಸರೇಕೆ ಎಂದುಕೊಂಡಳೋ. ನಾನಾದರೂ ಹೇಳಬಹುದಿತ್ತು. ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು.

ಅವಳನ್ನು ಪ್ಯಾಕಿಂಗಿಗೆ ಹಾಕಿದರು. “ಕಣ್ಣು ಕಾಣದ ಹುಡುಗಿ” ಎಂಬ ಮಾತು ವ್ಯಾನಿನಲ್ಲಿ ಅವಳ ಜೊತೆಗೇ ಊರಿಗೂ ಹೋಯಿತು. ಸ್ವಲ್ಪ ಕಾಲಕ್ಕೆ ಕೆಲಸ ಬಿಟ್ಟಳು. ಹೊರಡುವ ದಿನ ನನ್ನ ಕೈ ಹಿಡಿದು, “ಅವ್ವನ್ನ ಕೇಳಿದೆ ಅಂತ ಹೇಳು” ಎಂದಳು. ನಾನು “ಹೂಂ” ಎಂದೆ, ಅಷ್ಟೇ.

ಮೊನ್ನೆ, ಇಷ್ಟು ವರ್ಷಗಳ ಮೇಲೆ, ತಂಗಿಯ ಮಗನ ಮುಡಿ ಕೊಡಲು ಎಲ್ಲರೂ ಮೇಲುಕೋಟೆಗೆ ಹೋಗಿದ್ದೆವು. ಕಲ್ಯಾಣಿಯ ಮೆಟ್ಟಿಲ ಮೇಲೆ ಅವಳೇ ನನ್ನನ್ನು ಗುರುತು ಹಿಡಿದಳು. ಕನ್ನಡಕ ಹಾಕಿದ್ದಳು.

“ಯಾವಾಗಿಂದ ಇದು?” ಎಂದೆ.

“ಕಾರ್ಖಾನೆ ಬಿಟ್ಟ ವರ್ಷದಿಂದ. ಡಾಕ್ಟರು ನಂಬರೇ ಇಲ್ಲ, ಬೇಡ ಅಂದ್ರು. ನಾನೇ ಹಟ ಮಾಡಿ ಬರೀ ಗಾಜು ಹಾಕಿಸ್ಕೊಂಡೆ. ವಾರೆ ಇದ್ದದ್ದನ್ನೇ ನೆಟ್ಟಗೆ ಕಂಡ ಕಣ್ಣು ನೋಡು ಇವು, ಹೇಗೆ ನಂಬೋದು?” ಎಂದು ನಕ್ಕಳು. ಜರಿ ಹೊಲಿಯುತ್ತೀಯಾ ಎಂದು ಕೇಳಿದೆ. “ಬಿಟ್ಟು ಎಷ್ಟೋ ವರ್ಷ ಆಯ್ತು. ದೇವರ ವಸ್ತ್ರ ಅಲ್ವೇ, ವಾರೆ ಆಗಬಾರದು. ಅತ್ತಿಗೆ ಹೊಲೀತಾರೆ.”

ಕೆಲಸ ಹೋಗಿದ್ದರೆ ಇನ್ನೊಂದು ಸಿಗುತ್ತಿತ್ತು. ನಾನು ಕಿತ್ತುಕೊಂಡದ್ದು ಕೆಲಸವನ್ನಲ್ಲ ಎಂದು ಆಗ ಗೊತ್ತಾಯಿತು.

“ವೇದಾ, ನಿನ್ ಕಣ್ಣು ಸರಿಯಾಗೇ ಇದ್ವು ಕಣೇ” ಎಂದೆ. ಪಿನ್ನು ಚುಚ್ಚಿದ್ದು, ತುದಿ ಮುರಿದದ್ದು, ಮಧ್ಯಾಹ್ನ ಬದಲಿಸಿದ್ದು — ಎಲ್ಲವನ್ನೂ ಹಿಂದುಮುಂದಾಗಿ ಹೇಳಿದೆ. ಅವಳು ನೀರಿನ ಕಡೆ ನೋಡುತ್ತ ಕೇಳಿದಳು. ಬಯ್ಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ.

“ನಾನು ತೋರಿಸಿದಾಗ ನಿನಗೂ ಕಾಣಿಸಿತ್ತಾ?” ಎಂದಳು.

“ಗೊತ್ತಿಲ್ಲ” ಎಂದೆ.

ನಿಜವೇ ಹೇಳಿದೆ — ಆದರೆ ಕಿವಿಗೆ ಅದು ಇನ್ನೊಂದು ಸುಳ್ಳಿನಂತೆ ಕೇಳಿಸಿತು. ಅವಳಿಗೂ ಹಾಗೇ ಕೇಳಿಸಿರಬೇಕು. “ಅಮ್ಮನಿಗೆ ಮಾತ್ರೆ ಕೊಡೋ ಹೊತ್ತಾಯ್ತು” ಎಂದು ಎದ್ದು ಹೋದಳು.

ಊರಿಗೆ ಬಂದು ಮತ್ತೆ ಕೆಲಸಕ್ಕೆ ಹೋದ ದಿನವೇ ಶಿವಣ್ಣನವರಿಗೆ, ಸಾಲಿನಲ್ಲಿದ್ದ ಹುಡುಗಿಯರೆಲ್ಲ ಕೇಳುವಂತೆ, ನಡೆದದ್ದನ್ನು ಹೇಳಿದೆ. ಅವರು “ಅಯ್ಯೋ, ಅಂಗಾಗಿತ್ತಾ? ಈಗ್ಯಾಕವ್ವಾ ಅದೆಲ್ಲ, ಬುಡು” ಎಂದರು. ಬಿಡಲಿಲ್ಲ. ನೀವೇ ಅವಳಿಗೊಂದು ಮಾತು ಹೇಳಬೇಕು ಎಂದು ಹಟ ಹಿಡಿದೆ. ನನ್ನೆದುರಿಗೇ ಫೋನು ಮಾಡಿದರು. ಅವಳು ಎತ್ತಲಿಲ್ಲ. ನನ್ನ ಫೋನನ್ನೂ ಎತ್ತುತ್ತಿಲ್ಲ. ಕೋಪವೋ, ಏನೂ ಬೇಡವೆನಿಸಿದೆಯೋ, ನಾನು ಬಲ್ಲೆ ಎನ್ನಲಾರೆ.

ಅವಳು ಕೇಳಿದ್ದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ. ಕಂಡೆನೋ ಇಲ್ಲವೋ, ಅದು ಇನ್ನು ತಿಳಿಯುವ ಹಾಗಿಲ್ಲ. ಆದರೆ ಒಂದು ಮಾತ್ರ ಚೆನ್ನಾಗಿ ನೆನಪಿದೆ: ನನಗೆ ಅನುಮಾನವಿತ್ತು, ಕಾರಣ ನನಗೊಬ್ಬಳಿಗೇ ಗೊತ್ತಿತ್ತು, ಮಸೂರ ಕಣ್ಣೆದುರಿಗೇ ಇತ್ತು — ನಾನು ಇನ್ನೊಂದು ಸಲ ಬಗ್ಗಿ ನೋಡಲಿಲ್ಲ. ನೋಡಲು ಇಷ್ಟವಿರಲಿಲ್ಲ.

ಈ ಭಾನುವಾರ ಬೆಟ್ಟ ಹತ್ತಿ ಅವಳ ಮನೆಗೆ ಹೋಗುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ಅಲ್ಲೇ ನಿಂತು ಇಷ್ಟನ್ನು ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.